ಗೋಡೆಗೆ ಬಡಿದ ಸದ್ದು

ಕುವೈತಿನಲ್ಲಿ ನಾನು ಮೊದಲು ಕಲಿತ ಅರಬ್ಬಿ ಬಜಾರಿನದಲ್ಲ, ಆಂಬುಲೆನ್ಸಿನದು. ತೊಂಬತ್ತರ ದಶಕದ ನಡುವಿನ ಮಾತು. ಮಿರ್ಕಾಬಿನ ಒಂದು ಅಂಗಡಿಯಲ್ಲಿ ವಾಕಿಟಾಕಿ ರಿಪೇರಿ ಮಾಡುತ್ತಿದ್ದೆ. ಯಾರೋ ರಿಪೇರಿಗೆ ಕೊಟ್ಟು ಮತ್ತೆ ಬಾರದ ಸ್ಕ್ಯಾನರ್ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಎರಡು ವೈರು ಬೆಸೆದೆ, ಮಾತಾಡಿತು. ಪೊಲೀಸರು, ಆಂಬುಲೆನ್ಸಿನವರು ತಮ್ಮತಮ್ಮಲ್ಲಿ ಆಡುವುದೆಲ್ಲ ಅದರಲ್ಲಿ ಕೇಳುತ್ತಿತ್ತು. ಬರೀ ಕೇಳಬಹುದು, ನಾವು ಮಾತಾಡುವಂತಿಲ್ಲ.

ಊಟದ ಚೀಲದಲ್ಲಿಟ್ಟು ಅದನ್ನು ಸಾಲ್ಮಿಯಾದ ಮನೆಗೆ ತಂದೆ. ಹೆಂಡತಿ ಹೆರಿಗೆಗೆಂದು ಧಾರವಾಡಕ್ಕೆ ಹೊರಡುವ ಮುಂಚೆ ಎಚ್ಚರಿಸಿದ್ದಳು. “ಈ ಡಬ್ಬಿ ಪೊಲೀಸರಿಗೆ ಗೊತ್ತಾತಂದ್ರ ನಿಮ್ಮ ಇಕಾಮಾ ಖಲಾಸ್. ಆಮ್ಯಾಲೆ ನನ್ನ ಕರೀಬ್ಯಾಡ್ರಿ.” ಇಕಾಮಾ ಎಂದರೆ ಆ ದೇಶದಲ್ಲಿರಲು ಕೊಡುವ ಪರವಾನಗಿ. ಅವಳು ಹೋದ ಮೇಲೆ ಹೇಳುವವರಿಲ್ಲ, ಕೇಳುವವರಿಲ್ಲ. ಮನೆಗೆ ಬಂದೊಡನೆ ಷೂ ಬಿಚ್ಚುವ ಮೊದಲೇ ಅದನ್ನು ಹಚ್ಚುತ್ತಿದ್ದೆ.

ಕೂತು ಕೇಳಲು ಆಗುತ್ತಿರಲಿಲ್ಲ. ಎದ್ದು ಓಡಾಡಬೇಕು. ಎಲ್ಲೋ ಕಾರು ಉರುಳಿತು, ಯಾರೋ ಮೆಟ್ಟಿಲಿನಿಂದ ಬಿದ್ದರು, ಗಾಡಿ ಹೊರಟಿತು, ಆಸ್ಪತ್ರೆ ಮುಟ್ಟಿತು. ಅಲ್ಲಿಗೆ ಮಾತು ನಿಂತಿತು. ಬದುಕಿದರೋ ಇಲ್ಲವೋ ಅದು ಹೇಳುತ್ತಿರಲಿಲ್ಲ. ಅರ್ಧ ಓದಿದ ಕಾಗದವನ್ನು ಕೈಯಿಂದ ಕಿತ್ತುಕೊಂಡ ಹಾಗಾಗುತ್ತಿತ್ತು. ಅಷ್ಟರಲ್ಲಿ ಇನ್ನೊಂದು ಕರೆ ಬರುತ್ತಿತ್ತು, ನಾನು ಮತ್ತೆ ಎದ್ದು ಓಡಾಡುತ್ತಿದ್ದೆ.

ಗೋಡೆಯಾಚೆ ಮಂಗಳೂರು ಕಡೆಯ ದಂಪತಿ ಇದ್ದರು. ಐವತ್ತು ದಾಟಿದವರು. ಆತನಿಗೆ ಶರ್ಕಿನ ಒಂದು ಆಫೀಸಿನಲ್ಲಿ ಕೆಲಸ. ಆಕೆಯನ್ನು ನಾನು ಅಕ್ಕಾರ ಎಂದು ಕರೆಯುತ್ತಿದ್ದೆ. ಹೆಂಡತಿ ಹೋದಾಗಿನಿಂದ ವಾರಕ್ಕೆರಡು ಸಲ ಅವರ ಮನೆಯ ನೀರುದೋಸೆ ನನ್ನ ಬಾಗಿಲಿಗೆ ಬರುತ್ತಿತ್ತು. “ನಿಮ್ಮ ಜೋಳದ ರೊಟ್ಟಿ ನನಗೆ ಬರುವುದಿಲ್ಲ ಮಾರಾಯ್ರೆ, ಇದ್ದದ್ದನ್ನು ತಿನ್ನಿ” ಎನ್ನುತ್ತಿದ್ದರು. ನನ್ನ ಸ್ಕ್ಯಾನರಿನ ಗಲಾಟೆ ಜಾಸ್ತಿಯಾದರೆ ಸೌಟಿನಿಂದ ಗೋಡೆಗೆ ಎರಡು ಸಲ ಬಡಿಯುತ್ತಿದ್ದರು. ಹಾಳು ರೇಡಿಯೊ ಎಂದೇ ತಿಳಿದಿದ್ದರು. ನಾನು ತಕ್ಷಣ ಇಯರ್‌ಫೋನ್ ಸಿಕ್ಕಿಸುತ್ತಿದ್ದೆ. ಇದರ ಬಗ್ಗೆ ನಾವು ಎಂದೂ ಮಾತಾಡಿರಲಿಲ್ಲ.

ಒಂದು ಶುಕ್ರವಾರ, ರಜೆ, ಬೆಳಿಗ್ಗೆ ಹನ್ನೊಂದರ ಹೊತ್ತು. ಗೋಡೆಗೆ ಬಡಿದ ಸದ್ದಾಯಿತು. ಎರಡಲ್ಲ, ನಾಲ್ಕೈದು ಸಲ. ಅಕ್ಕಾರ ಇವತ್ತು ಬಹಳ ಸಿಟ್ಟಿನಲ್ಲಿದ್ದಾರೆ ಎಂದುಕೊಂಡು ಇಯರ್‌ಫೋನ್ ಸಿಕ್ಕಿಸಿದೆ. ಆಮೇಲೆ ಬಡಿದರೋ ಇಲ್ಲವೋ, ನನಗೆ ಕೇಳಿಸಲಿಲ್ಲ.

ಸ್ವಲ್ಪ ಹೊತ್ತಿಗೆ ಒಂದು ಕರೆ ಬಂತು. ಸಾಲ್ಮಿಯಾ. ಗಂಡಸು, ಕುಸಿದು ಬಿದ್ದಿದ್ದಾನೆ, ಮಾತು ಹೊರಡುತ್ತಿಲ್ಲ. ಫೋನಿನಲ್ಲಿ ಇಂಡಿಯಾದ ಹೆಂಗಸು, ಬ್ಲಾಕ್ ನಂಬರು ಗೊತ್ತಿಲ್ಲವಂತೆ. ರೊಟ್ಟಿ ಬೇಕರಿಯ ಹಿಂದೆ ಅನ್ನುತ್ತಾಳೆ.

ನನಗೆ ನಗು ಬಂತು. ಕುವೈತಿನಲ್ಲಿ ವಿಳಾಸವೆಂದರೆ ಬ್ಲಾಕ್, ರಸ್ತೆ, ಕಟ್ಟಡ, ಮೂರು ಸಂಖ್ಯೆ. ನಮ್ಮವರು ಹತ್ತು ವರ್ಷ ಒಂದೇ ಮನೆಯಲ್ಲಿದ್ದರೂ ಕಿರಾಣಿ ಅಂಗಡಿಯ ಪಕ್ಕ, ಬೇಕರಿಯ ಹಿಂದೆ ಅನ್ನುವುದನ್ನು ಬಿಡುವುದಿಲ್ಲ. “ಸಾಲ್ಮಿಯಾದಲ್ಲಿ ಓಣಿಗೊಂದು ಬೇಕರಿ, ಯಾವುದಂತ ಹುಡುಕಲಿ” ಎಂದು ಡ್ರೈವರ್ ರೇಗಿದ. ಅವನ ಪರವಾಗಿ ನಾನೂ ರೇಗಿದೆ. ಈ ಡಬ್ಬಿ ಕೇಳಿ ಕೇಳಿ ನನಗೆ ಮೂರು ಸಂಖ್ಯೆ ಬಾಯಿಪಾಠವಾಗಿತ್ತು, ಆ ಜಂಬ ಬೇರೆ. ಚಹಾದ ಲೋಟ ಹಿಡಿದು, ಇಯರ್‌ಫೋನಿನ ವೈರು ಬಿಟ್ಟಷ್ಟು ದೂರ ಆಚೆಗೆ ಈಚೆಗೆ ಓಡಾಡಿದೆ. ಒಂದು ಬೇಕರಿಯ ಹಿಂದೆ ಯಾರೂ ಇಲ್ಲ. ಇನ್ನೊಂದರ ಹಿಂದೆಯೂ ಇಲ್ಲ. ಚಹಾ ಮುಗಿಯಿತು.

ಕಂಟ್ರೋಲ್ ರೂಮಿನವನ ದನಿ ಮತ್ತೆ ಬಂತು. ಕಟ್ಟಡದ ಮುಂದೆ ಒಂದು ದೊಡ್ಡ ಹಲ್ಲು ಇದೆಯಂತೆ ಎಂದ.

ನಮ್ಮ ಕಟ್ಟಡದ ಕೆಳಗೆ ಹಲ್ಲಿನ ಡಾಕ್ಟರ ಕ್ಲಿನಿಕ್ ಇತ್ತು. ಅದರ ಬೋರ್ಡಿನ ಬಿಳಿ ಹಲ್ಲು ನನ್ನ ಕಿಟಕಿಯ ಕೆಳಗೇ ಇತ್ತು. ಇಯರ್‌ಫೋನ್ ಕಿತ್ತೆ. ಗೋಡೆಯಾಚೆ ಅಕ್ಕಾರ ತುಳುವಿನಲ್ಲಿ ಅಳುತ್ತಿದ್ದರು.

ಅವರ ಬಾಗಿಲು ತೆರೆದೇ ಇತ್ತು. ಆತ ಅಡುಗೆಮನೆಯ ನೆಲದ ಮೇಲೆ, ಬಾಯಿ ಒಂದು ಕಡೆ ಸೊಟ್ಟಗಾಗಿ, ಕಣ್ಣು ಬಿಟ್ಟುಕೊಂಡು ಮಲಗಿದ್ದರು. ಸೌಟು ಗೋಡೆಯ ಬುಡದಲ್ಲಿ ಬಿದ್ದಿತ್ತು. “ಅಕ್ಕಾರ, ಫೋನ್ ಇಲ್ಲೆ ಕೊಡ್ರಿ” ಎಂದು ಇಸಿದುಕೊಂಡು ಮೂರು ಸಂಖ್ಯೆಗಳನ್ನು ಒಂದೇ ಉಸಿರಿಗೆ ಹೇಳಿದೆ. ನೀನು ಯಾರು ಎಂದು ಆ ಕಡೆಯವನು ಕೇಳಿದ. ಪಕ್ಕದ ಮನೆಯವನು ಎಂದೆ.

ಗಾಡಿ ಬೇಗನೇ ಬಂತು. ಈ ಸಲ ಆಸ್ಪತ್ರೆಯ ಒಳಗಿನದೂ ನನಗೆ ತಿಳಿಯಿತು. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಹೋದವು. ಇನ್ನೊಂದು ಸ್ವಲ್ಪ ಬೇಗ ತಂದಿದ್ದರೆ ಎಂದು ಡಾಕ್ಟರು ಹೇಳಿ ಅರ್ಧಕ್ಕೇ ನಿಲ್ಲಿಸಿದರು. ಆ ಸ್ವಲ್ಪ ಎಷ್ಟೆಂದು ನನಗೆ ಗೊತ್ತಿತ್ತು. ಒಂದು ಲೋಟ ಚಹಾ ಕುಡಿಯುವಷ್ಟು.

ಅಂದೇ ಸ್ಕ್ಯಾನರ್ ಬಿಚ್ಚಿ, ಒಂದೊಂದು ಭಾಗವನ್ನು ಒಂದೊಂದು ಕಸದ ಡಬ್ಬಿಗೆ ಹಾಕಿ ಬಂದೆ. ಅಕ್ಕಾರಿಗೆ ಏನೂ ಹೇಳಲಿಲ್ಲ. ಇಕಾಮಾದ ಹೆದರಿಕೆಯಿಂದ ಸುಮ್ಮನಿದ್ದೇನೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನಗೆ ನಾಚಿಕೆಯಾಗಿತ್ತು, ಈಗಲೂ ಆಗುತ್ತದೆ.

ಎರಡು ತಿಂಗಳಿಗೆ ಅವರು ಊರಿಗೆ ಹೊರಟರು. ಬೀಳ್ಕೊಡಲು ಬಂದವರಿಂದ ಮನೆ ತುಂಬಿತ್ತು. ಆತನನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಅಕ್ಕಾರ ಎಲ್ಲರಿಗೂ ನನ್ನನ್ನು ತೋರಿಸಿದರು. “ಇವರು ಇಲ್ಲದಿದ್ರೆ ನಮ್ಮ ಗತಿ ಎಂತ? ನಾನು ಗೋಡೆಗೆ ಬಡಿದದ್ದೇ ಬಡಿದದ್ದು, ಓಡಿ ಬಂದ್ರು ಗೊತ್ತುಂಟಾ.” ಆಮೇಲೆ ನನ್ನ ಕಡೆ ತಿರುಗಿದರು. “ಬಡಿದ ಕೂಡಲೇ ನಿಮಗೆ ಗೊತ್ತಾಯ್ತು ಅಲ್ವಾ?”

ಕುರ್ಚಿಯಲ್ಲಿದ್ದವರು ನನ್ನನ್ನೇ ನೋಡುತ್ತಿದ್ದರು. ಅಂದು ನೆಲದ ಮೇಲೆ ಅವರಿಗೆ ಎಚ್ಚರವಿತ್ತು. ಏನೋ ಹೇಳಲು ಬಾಯಿ ತೆರೆದರು, ಮಾತು ಬರಲಿಲ್ಲ.

“ಹೂಂನ್ರಿ ಅಕ್ಕಾರ,” ಎಂದೆ, “ಬಡಿದ ಕೂಡ್ಲೆ ಗೊತ್ತಾತು.”