ಧೂಮಕೇತುವಿನ ವರ್ಷ ನಾನು ಬರೆದುಕೊಟ್ಟ ಮೂರು ಸಾಲು

ಶನಿಗ್ರಹದ ಬಳೆಯನ್ನು ನಾನು ಮೊದಲು ಕಣ್ಣಾರೆ ನೋಡಿದ್ದು ರಾಣೆಬೆನ್ನೂರಿನ ಒಂದು ಕನ್ನಡಕದ ಅಂಗಡಿಯ ಮಾಳಿಗೆಯ ಮೇಲೆ. ಆಗ ನನಗೆ ಮೂವತ್ತೊಂದು ವರ್ಷ. ಬ್ಯಾಡಗಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಐದು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೆ, ಆದರೆ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪ್ರತಿವರ್ಷ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ಬಳೆ ಬರೆಯುವಾಗ, ನಾನೇ ನೋಡದ್ದನ್ನು ಮಕ್ಕಳಿಗೆ ನಂಬಿಸುತ್ತಿದ್ದೇನೆ ಎಂಬ ಅಳುಕು ಇರುತ್ತಿತ್ತು.

ಧಾರವಾಡದಲ್ಲಿ ಶಿಕ್ಷಕರ ತರಬೇತಿಗೆ ಹೋದಾಗ ದೂರದರ್ಶಕದ ಕನ್ನಡಿಯನ್ನು ಕೈಯಿಂದಲೇ ಉಜ್ಜಿ ಮಾಡುವುದನ್ನು ತೋರಿಸಿದ್ದರು. ದಪ್ಪ ಗಾಜಿನ ಎರಡು ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಅರೆಯುವ ಪುಡಿ ಹಾಕಿ ತಿಂಗಳುಗಟ್ಟಲೆ ಉಜ್ಜಬೇಕು. ನಾನು ಮನೆಯಲ್ಲಿ ಉಜ್ಜಿದೆ, ಬರೀ ಗೀರುಗಳೆದ್ದವು. ಕನ್ನಡಕದ ಗಾಜು ಅರೆಯುವವರಿಗಾದರೂ ಗೊತ್ತಿರಬಹುದೆಂದು ಆ ಬಿಲ್ಲೆಗಳನ್ನು ಚೀಲದಲ್ಲಿಟ್ಟುಕೊಂಡು ರಾಣೆಬೆನ್ನೂರಿಗೆ ಹೋದೆ.

ಅಂಗಡಿಯವರಿಗೆ ನಲವತ್ತು ದಾಟಿತ್ತು. ಊರಿನವರೆಲ್ಲ ಅವರನ್ನು ಚಷ್ಮಾ ಸಾಹೇಬರೆಂದೇ ಕರೆಯುತ್ತಿದ್ದರು. ಗಾಜಿನ ಮೇಲೆ ಹೆಬ್ಬೆರಳು ಆಡಿಸಿ ಹೇಳಿದರು: "ಇದು ಗೀರಲ್ರಿ ಅಕ್ಕೋರ, ಇದು ಗಡಿಬಿಡಿ. ಇಲ್ಲೇ ಬಿಟ್ಟು ಹೋಗ್ರಿ, ನೋಡೋಣ."

ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಪ್ರತಿ ರವಿವಾರ ಬಸ್ಸು ಹಿಡಿದು ಹೋದೆ, ಮಧ್ಯಾಹ್ನದ ಊಟ ಅವರ ಮನೆಯಲ್ಲೇ. ಉಸುಕು ತುಂಬಿದ ಡ್ರಮ್ಮಿನ ಮೇಲೆ ಒಂದು ಬಿಲ್ಲೆ ಕೂರಿಸಿ, ಸುತ್ತ ಹೆಜ್ಜೆ ಹಾಕುತ್ತ ಇನ್ನೊಂದನ್ನು ಉಜ್ಜುವ ಕೆಲಸ. ಅವರು ದಣಿದಾಗ ನಾನು, ನಾನು ದಣಿದಾಗ ಅವರ ಹೆಂಡತಿ. ಕೊನೆಯ ಹೊಳಪಿನ ಕೆಲಸವನ್ನು ಅವರು ಹೆಂಡತಿಗೇ ಬಿಟ್ಟರು. "ಆಕಿ ಕೈ ಹಗೂರ ಐತ್ರಿ, ನಮ್ಮಿಬ್ಬರ ಕೈಯಾಗ ಆಗೂದಲ್ಲ" ಎಂದರು. ಏಳು ತಿಂಗಳು ಹಿಡಿಯಿತು. ಗಾಜಿಗೆ ಬೆಳ್ಳಿಯ ಲೇಪ ಹಾಕಿಸಿ, ಆ ಕನ್ನಡಿಯನ್ನು ತಗಡಿನ ಕೊಳವೆಯೊಳಗೆ ಕೂರಿಸಿ, ಮಾಳಿಗೆಗೆ ಹೊತ್ತೊಯ್ದು ಮೂವರೂ ಸರದಿಯಂತೆ ಶನಿಯನ್ನು ನೋಡಿದೆವು. ಸಾಹೇಬರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರು ಕಣ್ಣು ತೆಗೆಯಲೇ ಇಲ್ಲ; ಗಂಡ ಮೂರು ಸಲ ಕರೆಯಬೇಕಾಯಿತು.

ಎಂಬತ್ತೈದರ ಮಳೆ ಮುಗಿದ ಮೇಲೆ ಗುಡ್ಡದ ಕಾರ್ಯಕ್ರಮ ಶುರುವಾಯಿತು. ಕಾಗಿನೆಲೆಯ ದಾರಿಯಲ್ಲಿ ಒಂದು ಬೋಳು ಗುಡ್ಡವಿತ್ತು, ಸುತ್ತ ಎಲ್ಲೂ ದೀಪದ ಬೆಳಕಿಲ್ಲ. ಅಮಾವಾಸ್ಯೆಯ ಆಸುಪಾಸಿನ ಶನಿವಾರ ಕೊನೆಯ ಬಸ್ಸಿಗೆ ಹೋಗುವುದು, ಗುಡ್ಡ ಹತ್ತುವುದು, ರೊಟ್ಟಿ-ಶೇಂಗಾ ಚಟ್ನಿ ತಿನ್ನುವುದು, ಬೆಳಗಿನ ಮೊದಲ ಬಸ್ಸಿಗೆ ಇಳಿಯುವುದು. ಯಾವುದು ಮೃಗಶಿರ, ಯಾವುದು ಗುರು ಎಂದು ನಾನು ಹೇಳುತ್ತಿದ್ದೆ. ಸಾಹೇಬರು ದುರ್ಬೀನಿನ ಪಕ್ಕ ಕುಳಿತು, ಅದರ ನೋಟದಿಂದ ಜಾರಿಹೋಗುವ ನಕ್ಷತ್ರವನ್ನು ಪ್ರತಿಯೊಬ್ಬರಿಗೂ ಮತ್ತೆ ಹಿಡಿದುಕೊಡುತ್ತಿದ್ದರು. ಅಕ್ಕ ಹೆಂಗಸರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಹೈಬ್ರಿಡ್ ಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೆಲಸದ ಹೆಂಗಸರು ಬರುತ್ತಿದ್ದರು. ಸಣ್ಣದನ್ನು ದಿಟ್ಟಿಸಿ ನೋಡುವ ರೂಢಿ ಇದ್ದವರು. ಕೃತ್ತಿಕೆಯನ್ನು ನೋಡಿ ಒಬ್ಬಾಕೆ, "ಆರ ಅದಾವ ಅಂತಿದ್ವಿ, ಇಲ್ಲಿ ನೋಡಿದ್ರ ಸಂತಿ ನೆರದೈತಲ್ಲ" ಎಂದಳು.

ಎಪ್ಪತ್ತಾರು ವರ್ಷಕ್ಕೊಮ್ಮೆ ಬರುವ ಧೂಮಕೇತು ಆ ಚಳಿಗಾಲದಲ್ಲಿ ಬಂತು. ಪತ್ರಿಕೆಗಳು ಅದನ್ನು ಆಕಾಶದ ತುಂಬ ಪೊರಕೆಯಂತೆ ಚಿತ್ರಿಸಿದ್ದವು. ಜನವರಿಯ ಸಂಜೆ ಕಂಡದ್ದು ಹಿಂಜಿದ ಹತ್ತಿಯ ಒಂದು ಚೂರಿನಷ್ಟು. ಅಂದು ನಮ್ಮ ಶಾಲೆಯ ಆಡಳಿತ ಮಂಡಳಿಯ ಸದಸ್ಯರೊಬ್ಬರು, ಮೆಣಸಿನಕಾಯಿ ವ್ಯಾಪಾರಿ, ನೆಂಟರನ್ನು ಕಟ್ಟಿಕೊಂಡು ಬಂದಿದ್ದರು. ಬೇಸರ ಬಂದು ದೊಡ್ಡ ಬ್ಯಾಟರಿ ಹಚ್ಚಿ ದುರ್ಬೀನಿನ ಮೇಲೇ ಬೆಳಕು ಬಿಟ್ಟರು.

"ಬ್ಯಾಟರಿ ಆರಸ್ರಿ ಸಾವಕಾರ್ರ, ಉಳದವರ ಕಣ್ಣು ಕೆಡತಾವ" ಎಂದರು ಸಾಹೇಬರು.

"ನೀ ಯಾರಲೇ ನನಗ ಹೇಳಾಂವ?"

ಸಾಹೇಬರು ಎದ್ದುಹೋಗಿ, ಆ ಬ್ಯಾಟರಿಯ ಮುಂದೆ ತಮ್ಮ ಟೋಪಿ ಅಡ್ಡ ಹಿಡಿದು ನಿಂತರು. ನಾಲ್ಕು ಜನ ಸಾಹುಕಾರರನ್ನು ನೋಡಿ ನಕ್ಕರು. ನಾನೂ ನಕ್ಕೆ.

ಮಾರ್ಚಿನಲ್ಲಿ ಧೂಮಕೇತು ಬೆಳಗಿನ ಜಾವಕ್ಕೆ ಬಂತು. ನಲವತ್ತು ಜನ ಕಂಬಳಿ ಹೊದ್ದು ಗುಡ್ಡದ ಮೇಲೇ ಮಲಗಿದೆವು. ನಾನು ಮಲಗಿದ್ದು ಆ ಅಕ್ಕನ ಪಕ್ಕದಲ್ಲಿ, ಒಂದೇ ಚಾಪೆಯ ಮೇಲೆ. ನಾಲ್ಕು ಗಂಟೆಗೆ ಅವರೇ ನನ್ನನ್ನು ಎಬ್ಬಿಸಿದರು. ಆಗ್ನೇಯದಲ್ಲಿ ಅದು ಬರಿಗಣ್ಣಿಗೂ ಕಾಣುತ್ತಿತ್ತು, ಬಾಲ ಮಸುಕಾಗಿ ಮೇಲಕ್ಕೆ ಚಾಚಿತ್ತು.

"ಮತ್ತ ಯಾವಾಗ ಬರತೈತ್ರಿ?" ಎಂದು ಅಕ್ಕ ಕೇಳಿದರು.

"ಇನ್ನ ಎಪ್ಪತ್ತಾರು ವರ್ಷಕ್ಕ."

"ಹಂಗಾದ್ರ ನಮ್ಮ ಮೂರೂ ಮಂದಿಗೆ ಇದ ಕಡೀದು" ಎಂದು ನಕ್ಕು ನನ್ನ ಕೈ ಹಿಡಿದರು.

ಹತ್ತು ದಿನ ಕಳೆಯುವಷ್ಟರಲ್ಲಿ ಹೆಡ್‌ಮಾಸ್ತರರು ಕರೆಸಿದರು. ಮೇಜಿನ ಮೇಲೆ ಸಹಿಯಿಲ್ಲದ ಒಂದು ಅರ್ಜಿ ಇತ್ತು. ಮದುವೆಯಾಗದ ಶಿಕ್ಷಕಿಯೊಬ್ಬಳು ಸಾಬರ ಗಂಡಸಿನ ಜೊತೆ ಗುಡ್ಡದ ಮೇಲೆ ರಾತ್ರಿ ಕಳೆಯುತ್ತಾಳೆ, ದುರ್ಬೀನು ಒಂದು ನೆಪ ಎಂದು ಅದರ ಸಾರಾಂಶ. ಯಾರು ಬರೆಸಿದ್ದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಮಂಡಳಿಯ ಸಭೆಯಲ್ಲಿ ನನ್ನ ಕಾಯಮಾತಿಯ ವಿಷಯ ಬರುವುದಿತ್ತು.

"ನಾ ನಿಮ್ಮ ಕಡೀನ ಅದೇನಿ" ಎಂದರು ಹೆಡ್‌ಮಾಸ್ತರರು. "ಅಂವಗೂ ನನಗೂ ಏನೂ ಸಂಬಂಧ ಇಲ್ಲ ಅಂತ ಎರಡು ಸಾಲು ಬರದುಕೊಡ್ರಿ. ಮುಗೀತು."

ನಾನು ಎರಡಲ್ಲ, ಮೂರು ಸಾಲು ಬರೆದೆ. ದೂರದರ್ಶಕವನ್ನು ನಾನೇ ತಯಾರಿಸಿದ್ದು. ಸದರಿ ವ್ಯಕ್ತಿಯನ್ನು ರಿಪೇರಿ ಕೆಲಸಕ್ಕೆಂದು ಮಾತ್ರ ಕರೆಸಲಾಗುತ್ತಿತ್ತು. ಇದರ ಹೊರತು ಅವನ ಪರಿಚಯ ನನಗಿಲ್ಲ.

ಅಕ್ಷರಗಳು ಮುದ್ದಾಗಿಯೇ ಬಂದವು. ಮಂಡಳಿಗೆ ಅದೂ ಸಾಲದಾಗಿ, ಸಾಹೇಬರನ್ನು ಶಾಲೆಗೆ ಕರೆಸಿದರು. ನಾನು ಅಲ್ಲೇ ಗೋಡೆಯ ಪಕ್ಕ ನಿಂತಿದ್ದೆ. ಅವರು ನಾನು ಬರೆದ ಹಾಳೆಯನ್ನು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಮೆಣಸಿನಕಾಯಿ ಸಾಹುಕಾರರು, "ಏನಂತೀಪಾ? ಖರೇ ಐತೇನು?" ಎಂದು ಕೇಳಿದರು.

"ಹೌದ್ರಿ. ಅಕ್ಕೋರು ಬರದದ್ದು ಖರೇ ಐತಿ. ನಾ ರಿಪೇರಿಯಾಂವ."

ಹಾಳೆಯನ್ನು ಮೇಜಿನ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಮಸಿಕುಡಿಕೆ ಇಟ್ಟು ಹೊರಟುಹೋದರು. ನನ್ನ ಕಡೆ ನೋಡಲಿಲ್ಲ. ನಾನು ಆ ವರ್ಷವೇ ಕಾಯಂ ಆದೆ.

ಏಪ್ರಿಲ್‌ನಲ್ಲಿ ಧೂಮಕೇತು ಸಂಜೆಯ ಆಕಾಶಕ್ಕೆ ಬಂದಾಗ, ಶಾಲೆಯ ವತಿಯಿಂದಲೇ ಗುಡ್ಡಕ್ಕೆ ಹೋಗುವುದೆಂದು ಹೆಡ್‌ಮಾಸ್ತರರು ಸಾರಿದರು. ಹಾವೇರಿಯಿಂದ ಶಿಕ್ಷಣ ಇಲಾಖೆಯ ಅಧಿಕಾರಿ ಬಂದಿದ್ದರು, ಹಾರ ತುರಾಯಿ ಬಂದಿತ್ತು. ನನ್ನ ಮನೆಯಿಂದ ತಂದ ದುರ್ಬೀನಿನ ಕನ್ನಡಿ ದಾರಿಯ ಕುಲುಕಿಗೆ ವಾಲಿತ್ತು. ಕೆಳಗಿನ ಮೂರು ತಿರುಪುಗಳನ್ನು ಹೇಗೆ ತಿರುವಿ ಅದನ್ನು ಸರಿಮಾಡಬೇಕೆಂದು ನಾನು ಎಂದೂ ಕಲಿತಿರಲಿಲ್ಲ. ಕಲಿಯುವ ಅಗತ್ಯವೇ ಬಿದ್ದಿರಲಿಲ್ಲ. ಒಂದು ತಾಸು ತಿರುವಿದೆ, ಪ್ರತಿ ನಕ್ಷತ್ರವೂ ಕಲಸಿದ ಸುಣ್ಣದಂತೆ ಕಂಡಿತು.

"ಇದನ್ನ ನೀವ ಮಾಡಿದ್ದಲ್ಲೇನ್ರಿ?" ಎಂದರು ಅಧಿಕಾರಿ.

"ಹೌದ್ರಿ" ಎಂದೆ.

ಆಮೇಲೆ ದುರ್ಬೀನು ಶಾಲೆಯ ಕಪಾಟು ಸೇರಿತು. ಬೀಗದ ಕೈ ಹೆಡ್‌ಮಾಸ್ತರರ ಹತ್ತಿರ. ತಪಾಸಣೆಯ ದಿನ ಹೊಳೆಯಲೆಂದು ಯಾರೋ ಕನ್ನಡಿಗೆ ಬೂದಿ ಹಚ್ಚಿ ತಿಕ್ಕಿದರು. ಬೆಳ್ಳಗಿನ ಲೇಪವೆಲ್ಲ ಕಿತ್ತುಬಂತು. ನಾನು ಯಾರನ್ನೂ ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿರಲಿಲ್ಲ ಎಂದು ಈಗ ಹೇಳಬಹುದು. ಆಗ ಮಾತ್ರ, ಹೆಡ್‌ಮಾಸ್ತರರು ಒತ್ತಾಯಿಸಿದರು, ಊರು ಕೆಟ್ಟದ್ದು, ಕಾಲ ಕೆಟ್ಟದ್ದು ಎಂದೇ ನನ್ನೊಳಗೆ ಹೇಳಿಕೊಳ್ಳುತ್ತಿದ್ದೆ. ರಾಣೆಬೆನ್ನೂರಿಗೆ ಹೋದಾಗ ಆ ಅಂಗಡಿಯ ಓಣಿ ತಪ್ಪಿಸಿ ಸ್ಟೇಷನ್ ಕಡೆಯಿಂದ ಸುತ್ತು ಹಾಕುತ್ತಿದ್ದೆ.

ಎಂಟು-ಒಂಬತ್ತು ವರ್ಷದ ಮೇಲೆ ಹಾವೇರಿಯ ಬಸ್ ನಿಲ್ದಾಣದಲ್ಲಿ ಆ ಅಕ್ಕ ಸಿಕ್ಕರು. ಮಗಳನ್ನು ಗುತ್ತಲಕ್ಕೆ ಕೊಟ್ಟಿದ್ದರಂತೆ, ಅಲ್ಲಿಗೆ ಹೊರಟಿದ್ದರು. ಕಲ್ಲು ಬೆಂಚಿನ ಮೇಲೆ ಸರಿದು ನನಗೆ ಜಾಗ ಕೊಟ್ಟರು. ಸಾಹೇಬರು ಹೇಗಿದ್ದಾರೆಂದು ಕೇಳಿದೆ.

"ಆರಾಮ ಅದಾರ. ಅಂಗಡಿ ನಡದೈತಿ. ಮುಗಿಲ ಕಡೆ ಮಾತ್ರ ನೋಡಂಗಿಲ್ಲ."

ನಾನು ತಲೆ ತಗ್ಗಿಸಿ, "ನನ್ನಿಂದ ತಪ್ಪಾತ್ರಿ ಅಕ್ಕ" ಎಂದೆ. ಅಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಮಾತು; ಹೊರಗೆ ಬಂದಾಗ ತೀರಾ ಸಣ್ಣದೆನಿಸಿತು.

"ಅವರು ನಿಮ್ಮನ್ನ ಬೈದಿಲ್ಲ. ಮಾಸ್ತರ್ಕಿ ನೌಕರಿ, ಪಾಪ, ಅಂದ್ರು. ಆದ್ರ ನನಗ ಒಂದು ತಿಳೀಲಿಲ್ಲ." ಅವರು ನನ್ನನ್ನೇ ನೋಡಿದರು. "ನಾ ಇದ್ದೆನಲ್ರಿ ಗುಡ್ಡದ ಮ್ಯಾಗ? ನಿಮ್ಮ ಮಗ್ಗಲದಾಗ ಮಲಗಿದ್ದೆ. ಆತನ ಹೇಣ್ತಿ ನನ್ನ ಜೋಡಿ ಇದ್ಲು ಅಂತ ಒಂದು ಮಾತು ಬರದಿದ್ರ ಎಲ್ಲಾ ಅಲ್ಲೇ ಮುಗೀತಿತ್ತು. ನನ್ನನ್ನ ಯಾಕ ಬರೀಲಿಲ್ಲ?"

ಅದು ನನಗೆ ಆ ದಿನ ಹೊಳೆದಿತ್ತು. ಪೆನ್ನು ಹಿಡಿದು ಕುಳಿತಾಗಲೇ ಹೊಳೆದಿತ್ತು. ಆದರೆ ಅವರ ಹೆಂಡತಿಯನ್ನು ಬಲ್ಲೆ ಎಂದು ಬರೆದರೆ ಆ ಮನೆಗೆ ಹೋಗುತ್ತಿದ್ದೆ, ಅವರೊಂದಿಗೆ ಉಣ್ಣುತ್ತಿದ್ದೆ ಎಂದೂ ಒಪ್ಪಿದಂತಾಗುತ್ತಿತ್ತು. ಅದನ್ನು ಅವರಿಗೆ ಹೇಗೆ ಹೇಳುವುದು?

ಗುತ್ತಲದ ಬಸ್ಸು ಬಂತು. ಅವರು ಚೀಲ ಎತ್ತಿಕೊಂಡು, "ಬರತೇನ್ರಿ" ಎಂದು ಎದ್ದರು. ಉತ್ತರಕ್ಕಾಗಿ ನಿಲ್ಲಲಿಲ್ಲ.