ಬಣ್ಣ ಬಿಡದ ಚೀಲ

ಮೊನ್ನೆ ನೀವಿಬ್ಬರೂ ಬಣ್ಣದ ಪೆನ್ಸಿಲ್ಲು ತುಂಬಿಕೊಂಡು ಬಂದ ಬಟ್ಟೆ ಚೀಲ ನೋಡಿ ನನಗೆ ನಗು ಬಂತು. ಚಿಕ್ಕವಳು ಅದರ ಮೇಲಿನ ನೀಲಿ, ಗುಲಾಬಿ ಮಚ್ಚೆಗಳನ್ನು ತೋರಿಸಿ, ಯಾರು ಬಣ್ಣ ಚೆಲ್ಲಿದ್ದು ಅಂತ ಕೇಳಿದಳು. ನಾನೇ ಅಂದೆ. ಅಷ್ಟು ಹೇಳಿ ಸುಮ್ಮನಾದೆ. ಎದುರಿಗೆ ಕೂರಿಸಿಕೊಂಡು ಕತೆ ಹೇಳುವ ಅಭ್ಯಾಸ ನನಗಿಲ್ಲ, ಮಾತು ಅರ್ಧಕ್ಕೇ ನಿಂತುಬಿಡುತ್ತದೆ. ಬರೆದರೆ ಆ ಕಷ್ಟವಿಲ್ಲ. ಊರಿನ ಶಾಲೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ.

ಆ ಚೀಲ ವಯಸ್ಸಿನಲ್ಲಿ ನಿಮ್ಮಲ್ಲಿ ದೊಡ್ಡವನಿಗಿಂತ ಸ್ವಲ್ಪ ದೊಡ್ಡದು. ಅವನು ಹೊಟ್ಟೆಯಲ್ಲಿದ್ದಾಗ ನಿಮ್ಮಮ್ಮ, ನನ್ನ ಮಗಳು, ಸೀಮಂತಕ್ಕೆಂದು ಮಂಡ್ಯ ಜಿಲ್ಲೆಯ ಕೊಪ್ಪದ ಹತ್ತಿರದ ನಮ್ಮೂರಿಗೆ ಬಂದಿದ್ದಳು. ಬಂದ ಮುತ್ತೈದೆಯರಿಗೆ ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು, ರವಿಕೆ ಕಣ ಹಾಕಿ ಕೊಡಲು ಚೀಲ ಬೇಕಾಗಿತ್ತು. ಅಂಗಡಿಯ ಮಿರಿಮಿರಿ ಚೀಲ ಬೇಡ, ಬಟ್ಟೆಯದೇ ಆಗಬೇಕು, ಅದರ ಮೇಲೆ ಕಾಗದದಲ್ಲಿ ನೀರುಬಣ್ಣ ಹರಡಿಕೊಳ್ಳುವ ಹಾಗೆ ಬಣ್ಣ ಹರಡಿರಬೇಕು ಅಂತ ಅವಳ ಆಸೆ. ಮೊಬೈಲಿನಲ್ಲಿ ಎಲ್ಲೋ ನೋಡಿದ್ದಳು. ಅವಳಿಗೆ ಬಗ್ಗಿ ಕೂರಲು ಆಗುತ್ತಿರಲಿಲ್ಲ. ನೀನೇ ಮಾಡು ಅಂದಳು.

ನಿಮ್ಮ ತಾತ ಹೋಗಿ ಆಗಿನ್ನೂ ವರ್ಷ ಕಳೆದಿತ್ತಷ್ಟೆ. ಅರಿಶಿನ ಕುಂಕುಮದ ಕೆಲಸ ಇರುವ ಕಡೆ ನಾನು ಹೋಗುವುದನ್ನು ಬಿಟ್ಟಿದ್ದೆ. ಬರಬೇಡ ಅಂತ ಯಾರೂ ಅಂದಿರಲಿಲ್ಲ. ಅನ್ನಿಸಿಕೊಳ್ಳುವ ಮೊದಲೇ ನಾನೇ ಹಿಂದೆ ಸರಿದಿದ್ದೆ. ಈಗ ಮುತ್ತೈದೆಯರ ಮಡಿಲಿಗೆ ಹೋಗುವ ಚೀಲ ನನ್ನ ಕೈಯಿಂದ ಅಂದರೆ ಬೆಳಕವಾಡಿಯ ಬೀಗರು ಏನಂದುಕೊಂಡಾರು? ಇದನ್ನು ಬಾಯಿಬಿಟ್ಟು ಹೇಳಲಾರದೆ, ನನಗೆ ಬರುವುದಿಲ್ಲ ಅಂತ ಮಾತ್ರ ಅಂದೆ.

"ಬರ್ದಿದ್ರೆ ಕಲ್ತ್ಕೊ," ಅಂದಳು ನಿಮ್ಮಮ್ಮ. "ನನ್ ಮಗೀನ್ ಕೆಲ್ಸಕ್ಕೆ ಅಂಗ್ಡಿಯೋನ್ ಕೈ ಬ್ಯಾಡ ನಂಗೆ."

ಒಪ್ಪಿಕೊಂಡೆ. ಆದರೆ ಅವಳಿಂದ ಒಂದು ಮಾತು ತೆಗೆದುಕೊಂಡೆ. ಯಾರಾದರೂ ಕೇಳಿದರೆ ಮಂಡ್ಯದಲ್ಲಿ ಕೊಂಡಿದ್ದು ಅನ್ನಬೇಕು.

ಚೀಲಗಳನ್ನು ಸೋಮನಹಳ್ಳಿಯಲ್ಲಿದ್ದ ನಿಮ್ಮ ತಾತನ ಅಕ್ಕ ಹೊಲಿದು ಕಳಿಸಿದರು. ನನ್ನ ಅತ್ತಿಗೆ ಅವರು. ಮಾತು ಒರಟು, ಮನಸ್ಸಿಗೆ ಬಂದದ್ದು ಅಲ್ಲೇ ಬಾಯಿಗೆ ಬರುತ್ತಿತ್ತು. ಬಣ್ಣ ಹಾಕುವವಳು ನಾನು ಅನ್ನುವುದನ್ನು ಅವರಿಗೂ ಹೇಳಿರಲಿಲ್ಲ.

ಹೊಸ ಹತ್ತಿ ಬಟ್ಟೆ, ನೆಂಟರಿಗೆ ಕೊಡುವುದು, ಮುದುರಿಕೊಂಡಿದ್ದರೆ ಚೆನ್ನಾಗಿರುತ್ತದೆಯೇ? ಅನ್ನ ಬಸಿದ ಗಂಜಿಯಲ್ಲಿ ಅದ್ದಿ ಒಣಗಿಸಿ, ಹಪ್ಪಳದ ಹಾಗೆ ಗರಿಗರಿ ಮಾಡಿ ಜೋಡಿಸಿಟ್ಟೆ. ನಿಮ್ಮಮ್ಮ ಕುರ್ಚಿಯಲ್ಲಿ ಕೂತು ಹೇಳಿಕೊಟ್ಟಳು. ಬಣ್ಣ ಹಿಂದಿನ ಮಗ್ಗುಲಿಗೆ ಇಳಿಯದ ಹಾಗೆ ಚೀಲದೊಳಗೆ ರಟ್ಟು ಇಡಬೇಕು, ಬಟ್ಟೆಯನ್ನು ಒದ್ದೆ ಮಾಡಬೇಕು, ನೀರು ಬೆರೆಸಿದ ಬಣ್ಣವನ್ನು ಕುಂಚದ ತುದಿಯಿಂದ ತೊಟ್ಟಿಕ್ಕಿಸಬೇಕು. ಅದು ತಾನೇ ಹರಡುತ್ತದೆ. ನಾನು ಹಾಗೇ ಮಾಡಿದೆ. ಹರಡಲಿಲ್ಲ. ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಗುಂಡಗೆ ನಿಂತುಕೊಂಡಿತು. ನಿಮ್ಮಮ್ಮ ಬಟ್ಟೆ ಮುಟ್ಟಿ ನೋಡಿದಳು, ಮೂಸಿಯೂ ನೋಡಿದಳು.

"ಚೀಲುಕ್ಕೆ ಗಂಜಿ ಕುಡ್ಸಿದ್ದೀಯ? ಒಟ್ಟೆ ತುಂಬೋಗದೆ ಅದ್ಕೆ. ಬಣ್ಣ ಎಲ್ಲಿ ಕುಡೀತದವ್ವ?" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬಿಸಿನೀರಿನಲ್ಲಿ ಎಲ್ಲವನ್ನೂ ಮತ್ತೆ ಒಗೆದು ಗಂಜಿ ಬಿಡಿಸಿದೆ. ಈ ಸಲ ಬಟ್ಟೆ ಬಣ್ಣ ಕುಡಿಯಿತು. ಆದರೆ ನನ್ನ ಕೈಗೆ ರಂಗೋಲಿಯ ಅಭ್ಯಾಸ. ಬಣ್ಣ ಹರಿದ ಕಡೆಯೆಲ್ಲ ಅಂಚು ಕಟ್ಟಲು ಹೋಗುತ್ತಿದ್ದೆ. ಗೆರೆ ಎಳೀಬ್ಯಾಡ, ನೀರಿನ ಮೇಲೆ ಬುಟ್ಟು ಸುಮ್ನೆ ಕೂತ್ಕೊ ಅಂತ ಅವಳು ಬೈದಳು. ಕೂತೆ. ನೀಲಿ ಮೆಲ್ಲಗೆ ಹೋಗಿ ಗುಲಾಬಿಯನ್ನು ಮುಟ್ಟಿತು. ಮುಟ್ಟಿದ ಕಡೆ ಯಾವ ಸೀಸೆಯಲ್ಲೂ ಇಲ್ಲದ ಬಣ್ಣ ಎದ್ದಿತು, ಹೊಲದ ಅವರೆ ಹೂವಿನಂಥದ್ದು. ನಾನು ಮಾಡಿದ್ದು ಅನ್ನುವುದು ಮರೆತು ನೋಡುತ್ತಾ ಕೂತುಬಿಟ್ಟೆ. ಆಮೇಲೆ ಬೇಸರವಾಗಲಿಲ್ಲ. ಒಂದೊಂದು ಚೀಲವೂ ಒಂದೊಂದು ಥರ ಬಂತು.

ಭಯ ಶುರುವಾದದ್ದು ಅದೇ ಸಂಜೆ. ಬಣ್ಣ ಗಟ್ಟಿಯೋ ಇಲ್ಲವೋ ನೋಡೋಣ ಅಂತ ಒಂದು ಚೀಲವನ್ನು ಬಕೆಟ್ಟಿನಲ್ಲಿ ಅದ್ದಿದೆ. ನೀರೆಲ್ಲ ನೀಲಿಯಾಯಿತು. ನಿಂತಲ್ಲೇ ಮುಂದಿನದೆಲ್ಲ ಕಣ್ಣಿಗೆ ಕಟ್ಟಿತು. ವೀಳ್ಯದೆಲೆಯನ್ನು ತೊಳೆದು ಒದ್ದೆಯಾಗಿಯೇ ಚೀಲಕ್ಕೆ ಹಾಕುತ್ತಾರೆ. ಆ ತೇವಕ್ಕೆ ಬಣ್ಣ ಬಿಟ್ಟು ಬೀಗಿತಿಯ ರೇಷ್ಮೆ ಸೀರೆಗೆ ಹತ್ತಿದರೆ? ಹೋದದ್ದು ಸೀರೆ ಮಾತ್ರವಾದರೆ ಹೇಗೋ ತಡೆದುಕೊಳ್ಳಬಹುದು. ಗಂಡ ಇಲ್ಲದವಳ ಕೈ ಸೋಕಿದ್ದಕ್ಕೆ ಹೀಗಾಯಿತು, ಬಸುರಿಯ ಶಾಸ್ತ್ರ ಕೆಟ್ಟಿತು ಅಂತ ಒಬ್ಬರ ಮನಸ್ಸಿನಲ್ಲಿ ಬಂದರೂ ಸಾಕು, ನಿಮ್ಮಮ್ಮ ಗಂಡನ ಮನೆಯಲ್ಲಿ ಅದನ್ನು ಹೊತ್ತುಕೊಂಡೇ ಇರಬೇಕಾಗುತ್ತಿತ್ತು.

ಬಣ್ಣ ಚೆನ್ನಾಗಿ ಒಣಗಬೇಕು, ಮೇಲೊಂದು ಬಟ್ಟೆ ಹಾಸಿ ಇಸ್ತ್ರಿ ಕಾವು ಕೊಡಬೇಕು, ಆಗ ಬಿಡುವುದಿಲ್ಲ ಅಂತ ನಿಮ್ಮಮ್ಮ ಸಮಾಧಾನ ಹೇಳಿದಳು. ಕರೆಂಟು ಬಂದಾಗಲೆಲ್ಲ ಒಲೆಯ ಮೇಲಿನದನ್ನು ಬಿಟ್ಟು ಇಸ್ತ್ರಿ ಪೆಟ್ಟಿಗೆಯ ಹತ್ತಿರ ಓಡುತ್ತಿದ್ದೆ. ಆಮೇಲೆ ಒಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿದೆ. ಬಿಡಲಿಲ್ಲ. ಆದರೂ ನಂಬಿಕೆ ಬರಲಿಲ್ಲ.

ಸೀಮಂತದ ಹಿಂದಿನ ದಿನ ಅತ್ತಿಗೆ ಬಂದರು. ನಾನು ಕಾಫಿ ಕೊಟ್ಟಾಗ ಲೋಟ ತೆಗೆದುಕೊಳ್ಳದೆ ನನ್ನ ಬೆರಳು ನೋಡಿದರು. ಉಗುರಿನ ಸಂದಿಯಲ್ಲಿ ನೀಲಿ ಇತ್ತು. ಮೂಲೆಯಲ್ಲಿ ಜೋಡಿಸಿದ್ದ ಚೀಲಗಳನ್ನು ನೋಡಿದರು. ಏನೂ ಅನ್ನದೆ ಕಾಫಿ ಕುಡಿದರು. ಅವರು ಬೈದಿದ್ದರೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಶಾಸ್ತ್ರದ ದಿನ ನಾನು ಅಡುಗೆಮನೆ ಹಿಡಿದೆ. ನಡುಮನೆಯಲ್ಲಿ ನಿಮ್ಮಮ್ಮನಿಗೆ ಬಳೆ ತೊಡಿಸಿದರು, ಆರತಿ ಆಯಿತು. ಚೀಲ ಕೊಡಲು ಶುರುಮಾಡಿದಾಗ ಬಾಗಿಲ ಹಿಂದೆ ಬಂದು ನಿಂತೆ. ಎಲೆಗಳನ್ನು ಆಗತಾನೆ ಪಾತ್ರೆಯಿಂದ ಎತ್ತಿದ್ದರು, ನೀರು ತೊಟ್ಟಿಕ್ಕುತ್ತಿತ್ತು. ಬೀಗಿತಿ, ಅಂದರೆ ನಿಮ್ಮ ಇನ್ನೊಬ್ಬ ಅಜ್ಜಿ, ಕೆನೆಬಣ್ಣದ ರೇಷ್ಮೆ ಉಟ್ಟಿದ್ದರು. ಚೀಲ ತೆಗೆದುಕೊಂಡು ತೊಡೆಯ ಮೇಲಿಟ್ಟು ಪಕ್ಕದವರ ಜೊತೆ ಮಾತಿಗೆ ಕೂತರು. ಚೀಲದ ತಳ ಒದ್ದೆಯಾಗುತ್ತಾ ಬಂದದ್ದು ನನಗೆ ನಿಂತಲ್ಲಿಂದಲೇ ಕಾಣುತ್ತಿತ್ತು. ಅವರ ಮಾತು ಮುಗಿಯಲೊಲ್ಲದು. ಕೊನೆಗೆ ಚೀಲದ ಮೇಲೆ ಕೈಯಾಡಿಸಿ, ಇದನ್ನು ಯಾರು ಮಾಡಿದ್ದು ಅಂತ ಕೇಳಿದರು.

ನಿಮ್ಮಮ್ಮ ಮಾತು ಕೊಟ್ಟಿದ್ದಳಲ್ಲ, ಮಂಡ್ಯ ಅನ್ನಲು ಬಾಯಿ ತೆರೆದಳು. ಅತ್ತಿಗೆ ಮುಂದಾದರು.

"ನಮ್ ತಮ್ಮನ್ ಎಂಡ್ತಿ ಮಾಡಿದ್ದು ಕಣಮ್ಮ. ಅಗೋ, ಬಾಗ್ಲಿಂದೆ ಬಚ್ಚಿಟ್ಕಂಡು ನಿಂತವ್ಳೆ ನೋಡಿ, ಚೀಲ ಕದ್ದೋಳಂಗೆ."

ಎಲ್ಲರೂ ನಕ್ಕು ಈ ಕಡೆ ತಿರುಗಿದರು. ಬೀಗಿತಿ ಚೀಲ ಎತ್ತಿದರು. ನಾನು ಅವರ ಮುಖ ನೋಡಲಿಲ್ಲ, ತೊಡೆ ನೋಡಿದೆ. ಸೀರೆಯ ಮೇಲೆ ಅಂಗೈಯಗಲ ಒದ್ದೆ ಇತ್ತು. ನೀರಿನ ಒದ್ದೆ ಅಷ್ಟೆ. ಬಣ್ಣ ಇರಲಿಲ್ಲ.

"ಮೊಮ್ಮಗೀಗೆ ಅಂತ ಕುಂತು ಮಾಡಿದ್ದೀರ," ಅಂದರು ಅವರು. "ನಂಗಿನ್ನೊಂದು ಕೊಡಿ ಬೀಗ್ತಿ. ಇದ್ನ ನೋಡುದ್ರೆ ನನ್ ತಂಗಿ ಕಿತ್ಕತಾಳೆ."

ನಾನು ತಲೆಯಾಡಿಸಿ ಒಳಗೆ ಬಂದುಬಿಟ್ಟೆ. ಮಣೆಯ ಮೇಲೆ ಕೂತೆ. ಅತ್ತಿಗೆ ಒಂದು ಚೀಲ ಹಿಡಿದುಕೊಂಡು ಹಿಂದೆಯೇ ಬಂದರು. ಅದನ್ನು ನಲ್ಲಿಯ ಕೆಳಗೆ ಹಿಡಿದು, ತಮ್ಮ ಸೆರಗಿನ ಅಂಚಿಗೇ ತಿಕ್ಕಿ, ಆ ಅಂಚನ್ನು ನನ್ನ ಮುಖದ ಮುಂದೆ ಹಿಡಿದರು.

"ಬಣ್ಣ ಬುಡಾಕಿಲ್ಲ, ಬುಡು," ಅಂದರು. "ಬೆಳಗಿಂದ ಏನ್ ತಿಂದೆ ನೀನು?"

ಆಗಲೇ ನನಗೆ ಹಸಿವು ಗೊತ್ತಾಗಿದ್ದು. ಅವರೇ ಎಲೆ ಹಾಕಿದರು. ನಡುಮನೆಯಲ್ಲಿ, ಬೀಗಿತಿಯ ಪಕ್ಕದಲ್ಲಿ ಹಾಕಿದರು. ನೀವು ಪೆನ್ಸಿಲ್ಲು ತುಂಬಿಕೊಳ್ಳುವುದು ಆವತ್ತು ಬಕೆಟ್ಟಿನಲ್ಲಿ ಅದ್ದಿದ ಚೀಲ, ಅದಕ್ಕೇ ಅದರ ನೀಲಿ ಅಷ್ಟು ಮಂಕು. ಆವತ್ತು ಊಟಕ್ಕೆ ಕೂತಾಗ ಆ ನೀಲಿ ನನ್ನ ಉಗುರಿನಲ್ಲಿ ಇನ್ನೂ ಇತ್ತು. ಕೈ ಮುಚ್ಚಿಕೊಳ್ಳದೆ, ಅನ್ನ ಸಾರು ಎರಡನೇ ಸಲ ಹಾಕಿಸಿಕೊಂಡು ಉಂಡೆ.