ಕೋತಿಗೂ ಹುಳಿ ಬೇಕು

ರಾಯಲ್ಪಾಡಿನ ಗುಡ್ಡದಲ್ಲಿ ಯಾವ ಸೊಪ್ಪು ಎಲ್ಲಿ ಚಿಗುರಿದೆ ಎಂದು ತಿಳಿಯಲು ಅಕ್ಕಯಮ್ಮ ಕೋತಿಗಳ ಹಿಂದೆ ಹೋಗುತ್ತಿದ್ದಳು. ನಮ್ಮ ಬೀದಿಯ ಕೊನೆಯ ಮನೆ ಅವಳದು. ವರಸೆಯಲ್ಲಿ ನನಗೆ ಅತ್ತೆ. ಬೆಳಿಗ್ಗೆ ಸೆರಗನ್ನು ಮಡಿಲು ಕಟ್ಟಿಕೊಂಡು ಹೊರಟರೆ ಹತ್ತು ಹನ್ನೆರಡು ಬಗೆಯ ಬೆರಕೆ ಸೊಪ್ಪು ತರುತ್ತಿದ್ದಳು. ಅವಳು ಸಾರಿಗೆ ಒಗ್ಗರಣೆ ಹಾಕಿದರೆ ಅಕ್ಕಪಕ್ಕದವರು ಬಟ್ಟಲು ಹಿಡಿದು ಬರುತ್ತಿದ್ದರು.

"ಕೋತಿ ತಿಂದಿದ್ದೆಲ್ಲ ನಾವು ತಿನ್ನೋಕಾಗಲ್ಲ. ಆದ್ರೆ ಎಲ್ಲಿ ಎಳೇದಿದೆ ಅಂತ ಅದಕ್ಕೆ ನನಗಿಂತ ಮೊದಲು ಗೊತ್ತಾಗುತ್ತೆ" ಅನ್ನುತ್ತಿದ್ದಳು.

ಎಪ್ಪತ್ತೆಂಟರ ಯುಗಾದಿ ಕಳೆದ ವಾರ ಆ ಕೋತಿಗಳು ನನ್ನ ಮಾವಿನ ತೋಪಿಗೆ ನುಗ್ಗಿದವು. ಹಿಂದೆಯೂ ಬರುತ್ತಿದ್ದವು, ಆದರೆ ಹೀಗಲ್ಲ. ಕಾಯಿ ಇನ್ನೂ ನಿಂಬೆ ಗಾತ್ರ. ಒಂದು ಸಲ ಕಚ್ಚುವುದು, ಬಿಸಾಡುವುದು. ಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ತಗಡಿನ ಡಬ್ಬ ಬಡಿದೆ. ಡಬ್ಬ ಚಪ್ಪಟೆಯಾಯಿತೇ ಹೊರತು ಒಂದು ಕೋತಿಯೂ ಕದಲಲಿಲ್ಲ. ನನಗೆ ಮೈಯೆಲ್ಲ ಉರಿದು ಮುಳಬಾಗಿಲಿನ ಕೋತಿ ಹಿಡಿಯುವ ಕದಿರೇಶನಿಗೆ ಹೇಳಿಕಳಿಸಿದೆ. ಸೋಮವಾರ ಬೋನು ತಂದು ಎಲ್ಲವನ್ನೂ ಹಿಡಿದು ದೂರದ ಕಾಡಿಗೆ ಬಿಡುತ್ತೇನೆ ಎಂದು ಉತ್ತರ ಬಂತು.

ಸುದ್ದಿ ಕೇಳಿ ಅಕ್ಕಯಮ್ಮ ತೋಪಿಗೇ ಬಂದಳು.

"ಲೇ ಅಪ್ಪಾಜಿ, ಕೋತಿ ಹೋದ್ರೆ ನಾನು ಯಾರ ಹಿಂದೆ ಹೋಗ್ಲಿ?"

"ನನ್ನ ಹಿಂದೆ ಬಾ ಅತ್ತೆ. ಬಿದ್ದ ಕಾಯಿ ಆಯೋಕೆ ಜನ ಬೇಕು."

"ನಿನ್ನ ಹಿಂದೆ ಬಂದ್ರೆ ಬೈಗುಳ ಸಿಗುತ್ತೆ, ಸೊಪ್ಪು ಸಿಗುತ್ತಾ? ಸೋಮವಾರದವರೆಗೆ ಟೈಮ್ ಕೊಡು. ಯಾಕೆ ಬರ್ತಾವೆ ನೋಡ್ತೀನಿ. ನನ್ನ ಕೈಲಿ ತಪ್ಪಿಸೋಕಾಗದಿದ್ರೆ ಬೋನಿಗೆ ನಾನೇ ಬಾಳೆಹಣ್ಣು ಇಡ್ತೀನಿ."

ಮೂರು ದಿನ ಅವಳು ಮನೆ ಸೇರಿದ್ದು ಊಟಕ್ಕಷ್ಟೇ. ಶುಕ್ರವಾರ ಬಂದು ಕೋತಿ ಕಚ್ಚಿದ ಕಾಯೊಂದನ್ನು ನನ್ನ ಅಂಗೈ ಮೇಲಿಟ್ಟಳು.

"ಹಸಿದು ಬಂದೋರು ಹೀಗೆ ತಿಂತಾರೇನೋ? ಬೆಳಿಗ್ಗೆನೇ ಹಳ್ಳದ ಅತ್ತಿಮರದಲ್ಲಿ ಹೊಟ್ಟೆ ತುಂಬಿಸ್ಕೋತಾವೆ. ಬಿಸಿಲೇರಿದ್ರೆ ಕಲ್ಲು ಮಗುಚಿ ಹುಳ ಹೆಕ್ತಾವೆ. ನಡುವೆ ಹುಳಿ ಬೇಕು ಅವಕ್ಕೆ. ನಿನಗೆ ದಿನಾ ಸಪ್ಪೆ ಸಾರು ಹಾಕಿದ್ರೆ ತಟ್ಟೆ ಎಸೀತೀಯ. ಅವು ಕಾಯಿ ಎಸೀತಾವೆ, ಅಷ್ಟೇ."

"ಹೋದ ವರ್ಷ ಬೇಕಿರಲಿಲ್ವಾ ಹುಳಿ?"

"ಬೇಕಿತ್ತು. ಮಳೆಗಾಲಕ್ಕೆ ಮಿಡತೆ, ಚಳಿಗೆ ಎಲಚಿಹಣ್ಣು, ಬೇಸಗೆಗೆ ಹುಣಸೆ ಚಿಗುರು. ಯಾವ ಕಾಲದಲ್ಲೂ ಒಂದನ್ನೇ ತಿಂದು ಕೂರಲ್ಲ, ಬೆರಕೆ ಮಾಡ್ಕೊಂಡೇ ತಿಂತಾವೆ." ಅಷ್ಟು ಹೇಳಿ ಅವಳು ಸೆರಗಿನ ತುದಿ ಸುತ್ತತೊಡಗಿದಳು. "ಈ ವರ್ಷ ಹುಣಸೆಮರದ ಹತ್ರ ಅವನ್ನ ಸೇರಿಸ್ತಿಲ್ಲ."

"ಯಾರು ಅದು?"

"ನಾನೇ ಕಣೋ."

ಬೇರೆ ವರ್ಷ ಒಬ್ಬರೋ ಇಬ್ಬರೋ ಹೋಗಿ ಒಂದು ಮಡಿಲು ಚಿಗುರು ಕಿತ್ತು ತರುತ್ತಿದ್ದರು. ಆ ವರ್ಷ ಚಿಗುರನ್ನು ಒಣಗಿಸಿಟ್ಟರೆ ಮಳೆಗಾಲಕ್ಕೂ ಬರುತ್ತದೆಂದು ಅಕ್ಕಯಮ್ಮನೇ ಹೇಳಿಕೊಟ್ಟು, ಊರ ಹೆಂಗಸರನ್ನೆಲ್ಲ ಗುಡ್ಡದ ಬುಡದ ಆರು ಹುಣಸೆಮರಕ್ಕೆ ಕರೆದೊಯ್ದಿದ್ದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ದೋಟಿ, ಕಲ್ಲು, ಕೂಗಾಟ. ಕೋತಿಗಳು ಬಂಡೆ ಮೇಲೆ ಕೂತು ನೋಡಿ ನೋಡಿ ನನ್ನ ತೋಪಿಗೆ ಇಳಿಯುತ್ತಿದ್ದವು.

"ಅಯ್ಯೋ ನಿನ್ನ! ಇಷ್ಟು ದಿನ ನಾನು ಸುಮ್ಸುಮ್ನೆ ಕೋತಿನ ಬೈದ್ನಾ?" ಎಂದು ಎಗರಿದೆ.

"ಈಗ ನನ್ನ ಬೈ. ಬೈದಾದ್ಮೇಲೆ ಬಾ, ಹೆಂಗಸರನ್ನ ಅಲ್ಲಿಂದ ಎಬ್ಬಿಸ್ಬೇಕು."

ಬೈಯಲು ನಗು ಬಿಡಲಿಲ್ಲ.

ಹುಣಸೆಮರದ ಕೆಳಗೆ ಚಿಕ್ಕಗಂಗಮ್ಮ ದೋಟಿ ಇಳಿಸದೆಯೇ ಕೇಳಿದಳು: "ಏನಕ್ಕಾ, ಕೋತಿಗಳಿಗೆ ಲಾಯರಾದ್ಯಾ?"

"ಹೌದು ಕಣೇ. ನಿನ್ನ ಗಂಡನ ಕಡೆಯೋರು ಯಾರಾದ್ರೂ ಆ ಗುಂಪಲ್ಲಿದ್ದಾರಾ ನೋಡ್ಕೊಂಡು ಮಾತಾಡು."

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು, ಚಿಕ್ಕಗಂಗಮ್ಮನೂ ನಕ್ಕಳು. ರಸ್ತೆ ಕಡೆಯ ಎರಡು ಮರ ಹೆಂಗಸರಿಗೆ, ಬಂಡೆ ಕಡೆಯ ನಾಲ್ಕು ಕೋತಿಗಳಿಗೆ ಎಂದು ಅಕ್ಕಯಮ್ಮ ತೀರ್ಪು ಕೊಟ್ಟಳು.

"ನಮ್ಮ ಸಾರಿಗೆ ಹುಳಿ ಸಾಲಲ್ವಲ್ಲ?" ಎಂದಳೊಬ್ಬಳು.

"ಅಪ್ಪಾಜಿ ತೋಪಲ್ಲಿ ಕಾಯಿ ಬಿದ್ದಿದಾವೆ. ಬುಟ್ಟಿ ತಗೊಂಡು ಹೋಗ್ರೇ."

ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಭಾನುವಾರ ಕೋತಿಗಳು ಮೊದಲು ದೂರದಿಂದ ನೋಡಿದವು. ಆಮೇಲೆ ಹಿಂಡು ಹಿಂಡೇ ಹುಣಸೆಮರ ಹತ್ತಿತು. ಸೋಮವಾರ ಕದಿರೇಶ ಬಸ್ಸಿನ ಮೇಲೆ ಬೋನು ಹೇರಿಕೊಂಡು ಬಂದಾಗ ತೋಪಿನಲ್ಲಿದ್ದದ್ದು ಮೂರೇ ಮರಿಗಳು. ಅವೂ ತಾಯಿ ಕೂಗಿದ ಕಡೆ ಓಡಿದವು. ಅಕ್ಕಯಮ್ಮ ಅವನನ್ನು ಮನೆಗೆ ಕರೆದು ಮುದ್ದೆ ಇಕ್ಕಿ, ಮಾವಿನಕಾಯಿ ಹಾಕಿದ ಸೊಪ್ಪಿನ ಸಾರು ಬಿಟ್ಟಳು. ಅವನು ಎರಡನೇ ಮುದ್ದೆಗೆ ಕೈಯೊಡ್ಡಿದ.

"ಎಷ್ಟು ಸೊಪ್ಪು ಹಾಕಿದ್ದೀರಮ್ಮ ಇದರಲ್ಲಿ?"

"ಹನ್ನೊಂದು. ಅದರಲ್ಲಿ ಎರಡನ್ನ ತೋರಿಸಿದ್ದು, ನೀನು ಯಾರನ್ನ ಹಿಡಿಯೋಕೆ ಬಂದ್ಯೋ ಅವರೇ."

ಕದಿರೇಶ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಹೋಗುವಾಗ, ಮತ್ತೆ ಬಸ್ಸಿಗೆ ಹತ್ತಿಸಿದರೆ ಕಂಡಕ್ಟರ್ ಜಗಳಕ್ಕೆ ಬರುತ್ತಾನೆಂದು ಆ ಹಳೇ ಬೋನನ್ನು ಅಲ್ಲೇ ಬಿಟ್ಟ.

ಹುಣಸೆಮರದ ಆ ತೀರ್ಪು ಆಮೇಲೆ ಹತ್ತು ಬೇಸಗೆ ನಡೆಯಿತು. ಬೋನಿನಲ್ಲಿ ಅಕ್ಕಯಮ್ಮನ ಕೋಳಿಗಳು ಮೊಟ್ಟೆ ಇಟ್ಟವು. ಅವಳು ಮಾತ್ರ ಬೆಳಗಾದರೆ ಮಡಿಲು ಕಟ್ಟಿಕೊಂಡು, ಕೋತಿಗಳು ಹೋದ ದಾರಿಯಲ್ಲೇ ಗುಡ್ಡ ಹತ್ತುತ್ತಿದ್ದಳು.